ಲೈನ್ ಕೊಡುವವಳು

ಮಕ್ಬೂಲನ ಗುಜರಿಯಿಂದ ತಂದ ಡಬ್ಬಿ.
ಸಾವಿರದ ಇನ್ನೂರು. ಬೆನ್ನಿಗೆ ಎರಡು ಲ್ಯಾನ್ ಕಿಂಡಿ,
ಹೊಟ್ಟೆಯೊಳಗೆ ಯಾವುದೋ ಸಹಕಾರ ಸಂಘದ ಧೂಳು.
ಹಳೇ ಬ್ರಷ್ಷಿನಲ್ಲಿ ಒರೆಸಿ ಕೂರಿಸಿದ್ದೇನೆ.
ಇದಕ್ಕೊಂದು ಲಿನಕ್ಸ್ ಬೇಕು,
ದುರ್ಗಿಗುಡಿಯ ಈ ಮನೆಗೆ ಕಾವಲು.

ಮೇಲೆ ಬಾಡಿಗೆಗೆ ನರ್ಸಿಂಗ್ ಹುಡುಗಿಯರು ಮೂವರು.
ಕೆಳಗೆ ಫ್ಲೋರಿನ್‌ಬಾಯಿಯ ಹೊಲಿಗೆ ಯಂತ್ರವೂ ಈಗ
ವೈಫೈ ಕೇಳುತ್ತದಂತೆ, ಕಸೂತಿ ಹೂವು ಇಳಿಸಿಕೊಳ್ಳಲು.
ಎಲ್ಲರಿಗೂ ಒಂದೇ ಲೈನು. ಹಂಚುವವಳು ನಾನು.

ಹೊಸ ಕೆಲಸವೇನಲ್ಲ.
ಇಪ್ಪತ್ತೆಂಟು ವರ್ಷ ಶಿವಮೊಗ್ಗ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಸೆಟ್ಟು, ಕೈತುಂಬ ವಯರು.
ಸಾಗರ ಕೊಡಿ, ಕೊಪ್ಪ ಕೊಡಿ, ಅರ್ಜೆಂಟು ಬೊಂಬಾಯಿ ಕೊಡಿ.
ರೌಟರ್ ಎಂಬ ಮಾತು ಊರಿಗೆ ಬರುವ ಮೊದಲು
ಆ ಕೆಲಸದ ಹೆಸರು ಇಂದುಮತಿ ಮೇಡಂ.

ಐಪಿಫೈರಿಗೆ ಬಣ್ಣದ ಹುಚ್ಚು. ಹೊರಗಿನದು ಕೆಂಪು, ಮನೆ ಹಸಿರು,
ಗಾಳಿಯಲ್ಲಿ ಬರುವವರಿಗೆ ನೀಲಿ. ಚಂದವೇ,
ಆದರೆ ಪೊರೆ ಬಂದ ನನ್ನ ಕಣ್ಣಿಗೆ ಹಸಿರು ನೀಲಿ ಒಂದೇ.
ಆಲ್ಪೈನು ಒಪ್ಪೊತ್ತಿನ ಊಟದವನು, ಒಂದು ಹಿಡಿ ಸಾಕು;
ರ‍್ಯಾಮಿನಲ್ಲೇ ಓಡಿಸಿ, ಉಳಿಸು ಅನ್ನದೆ ಬಿಟ್ಟರೆ
ಕರೆಂಟು ಹೋದಾಗ ಹೇಳಿದ್ದೆಲ್ಲ ಮರೆಯುತ್ತಾನೆ.
ಈ ಮನೆಯಲ್ಲಿ ಮರೆಯಲು ನಾನೊಬ್ಬಳು ಸಾಕು.
ಓಪನ್‌ಡಬ್ಲ್ಯುಆರ್‌ಟಿ ಎಂದು ಪೂರ್ತಿ ಹೇಳುವಷ್ಟರಲ್ಲಿ
ಕರೆಂಟು ಹೋಗಿ ಬಂತು.
ಡೆಬಿಯನ್ ತಾಲ್ಲೂಕು ಕಚೇರಿಯ ಗುಮಾಸ್ತ.
ನಿಧಾನ. ಹಳೇ ರಿಜಿಸ್ಟರು. ಆದರೆ ಬೆಳಿಗ್ಗೆ ನೋಡಿದರೆ
ಕುರ್ಚಿಯಲ್ಲಿ ಇರುತ್ತಾನೆ.
ಇರಲಿ, ಅವನೇ.

ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು,
ಮುಂದೆ ಹೋಗಪ್ಪ ಅನ್ನಬೇಕು, ಅನ್ನುತ್ತಿದ್ದಳು ಅಜ್ಜಿ.
ಇಲ್ಲಿ ಹಾಗೆ ಬರೆದರೆ ಕೆಟ್ಟಿತು:
ಮುಂದೆ ಹೋಗು ಎಂದರೆ ಒಳಗೇ ಹೋಗು ಎಂದು!
ಇಲ್ಲ ಎಂದರೂ ಮನೆಯಲ್ಲಿ ಜನ ಇರುವುದು ತಿಳಿಯುತ್ತದೆ.
ಡ್ರಾಪ್. ಮಾತೇ ಇಲ್ಲ.

ರಾತ್ರಿ ಲಾಗು ನೋಡುತ್ತೇನೆ.
ಇಪ್ಪತ್ತೆರಡನೇ ಬಾಗಿಲು, ಇಪ್ಪತ್ತಮೂರನೆಯದು,
ಎಲ್ಲಿಂದಲೋ ಯಾರೋ ಬಡಿಯುತ್ತಲೇ ಇದ್ದಾರೆ.
ಡ್ರಾಪ್, ಡ್ರಾಪ್, ಡ್ರಾಪ್.

ಎಂಬತ್ತಮೂರರಲ್ಲಿ, ರಾತ್ರಿ ಎರಡು ಗಂಟೆಗೆ
ಹೊಸನಗರದಿಂದ ಒಂದು ಹೆಣ್ಣುದನಿ.
ಸಿಡಿಲು ಹೊಡೆದ ಲೈನು, ಮುಕ್ಕಾಲು ಬರೀ ಗೊರಗೊರ.
ಮಗು, ಜ್ವರ, ಡಾಕ್ಟರ್ ನಂಬರು.
ಹತ್ತರ ಮೇಲೆ ಕೊಡಕೂಡದು ಎಂದು ಡಾಕ್ಟರೇ ಬರೆಸಿದ ಚೀಟಿ
ನನ್ನ ಬೋರ್ಡಿಗೇ ಅಂಟಿತ್ತು.
ಚೀಟಿ ಓದಿದೆ. ಪ್ಲಗ್ಗು ಚುಚ್ಚಿದೆ.
ಮೆಮೋ ಬಂತು. ಮಗುವಿನದು ಏನಾಯಿತೋ,
ಯಾರೂ ಹೇಳಲಿಲ್ಲ.

ಈ ಡಬ್ಬಿಗೆ ಹಾಗೆ ಮಾಡಲು ಬರುವುದಿಲ್ಲ.
ಬರಲೂಬಾರದು, ಗೊತ್ತು.

ಆದರೂ ಎಲ್ಲಕ್ಕೂ ಮೇಲೆ ಒಂದು ಸಾಲು ಬರೆದಿದ್ದೇನೆ:
ಒಳಗಿನವರು ಯಾರಾದರೂ ಮೊದಲು ಮಾತು ತೆಗೆದಿದ್ದರೆ
ಅದಕ್ಕೆ ಬರುವ ಉತ್ತರವನ್ನು ತಡೆಯಬೇಡ.

ಹನ್ನೆರಡೂವರೆ. ಮೇಲಿನ ಹುಡುಗಿ
ಯಾರನ್ನೋ ಏನೋ ಕೇಳಿದ್ದಾಳೆ.
ಹಸಿರೋ ನೀಲಿಯೋ, ದೀಪ ಮಿಣುಕುತ್ತಿದೆ.
ಲೈನ್ ಕೊಟ್ಟಿದ್ದೇನೆ.
ಮಾತಾಡಿ.