ಎರಡರಿಂದ ಮೂರು

ಸಂತೆಪೇಟೆಯ ಈ ಕಟ್ಟಡದಲ್ಲಿ
ಕೆಳಗೆ ನನ್ನ ಹಿಟ್ಟಿನ ಮಿಲ್ಲು,
ಮೇಲೆ ಡಾಕ್ಟರ್ ಚಂದ್ರಮತಿಯವರ ಕಿವಿ ಆಸ್ಪತ್ರೆ.
ಬಾಡಿಗೆಗೆ ಕೊಟ್ಟವನ ಬುದ್ಧಿಗೆ ಏನನ್ನಬೇಕೋ!
ಹಾಗೇ ನಡೆಯಿತು ಹತ್ತೊಂಬತ್ತು ವರ್ಷ.

ಮೊದಲ ವಾರವೇ ಇಳಿದು ಬಂದಿದ್ದರು,
ಮೆಟ್ಟಿಲ ಮೇಲಿನ ಹಿಟ್ಟು ತುಳಿಯದಂತೆ ಸೀರೆ ಎತ್ತಿಕೊಂಡು.
"ಸಣ್ಣಪ್ಪನವರೇ, ನಿಮ್ಮ ಮಿಲ್ಲು ಓಡುತ್ತಿದ್ದರೆ
ನನ್ನ ಲೆಕ್ಕದಲ್ಲಿ ಹಾಸನದವರೆಲ್ಲ ಕಿವುಡರೇ.
ದಿನಕ್ಕೊಂದು ಗಂಟೆ ನಿಲ್ಲಿಸುತ್ತೀರಾ?"
ಜಗಳಕ್ಕೆಂದೇ ಪಂಚೆ ಎತ್ತಿ ಕಟ್ಟಿದ್ದೆ.
ಬಾಯಿಗೆ ಬಂದದ್ದು, "ಎರಡರಿಂದ ಮೂರು."
ಹೇಗೂ ಊಟದ ಹೊತ್ತು.
ಕಾಗದವಿಲ್ಲ, ಸಹಿಯಿಲ್ಲ.

ಅಂದಿನಿಂದ ಎರಡಕ್ಕೆ ಸ್ವಿಚ್ಚು ಆರಿಸುತ್ತಿದ್ದೆ.
ಕಲ್ಲು ತಾನಾಗಿ ಇನ್ನೊಂದಷ್ಟು ತಿರುಗಿ
ನೊಗ ಇಳಿಸಿದ ಎತ್ತಿನ ಹಾಗೆ ನಿಲ್ಲುತ್ತಿತ್ತು.
ಆಮೇಲೆ ಮೇಲಿನಿಂದ
ಗುಂಯ್ ಎಂದು ಸಣ್ಣಗೆ ಒಂದೇ ಎಳೆ,
ಅವರ ಮಷೀನಿನದು.
ಅದನ್ನು ಕೇಳುತ್ತ ಮುದ್ದೆ ಮುರಿಯುತ್ತಿದ್ದೆ.

ಗುಂಡಿ ಒತ್ತುವ ಹುಡುಗಿ ನಗೀನಾ ಹೇಳಿದ್ದಳು:
ಸ್ಪಂಜಿನ ಗೂಡೊಳಗೆ ಕೂರಿಸುತ್ತೇವೆ,
ಸದ್ದು ಕೇಳಿದಾಗ ಬೆರಳೆತ್ತಬೇಕು.
"ಕೆಲವರು ಕೇಳದಿದ್ದರೂ ಎತ್ತುತ್ತಾರೆ ಅಂಕಲ್.
ಪಾಪ, ಪಾಸಾಗೋ ಆಸೆ."

ಹೋದ ಶುಕ್ರವಾರ ಸಾಮಾನು ಇಳಿಸಿದರು.
ರಿಂಗ್ ರೋಡಿನಲ್ಲಿ ಹೊಸ ಕಟ್ಟಡವಂತೆ,
ಲಿಫ್ಟು, ಗಾಡಿ ನಿಲ್ಲಿಸಲು ಜಾಗ, ಕೆಳಗೆ ಮಿಲ್ಲು ಇಲ್ಲ.
ಗೂಡು ಮೆಟ್ಟಿಲಲ್ಲಿ ಹಿಡಿಯಲಿಲ್ಲ.
ಹಲಗೆ ಹಲಗೆಯಾಗಿ ಬಿಚ್ಚಿ
ನನ್ನ ಗೋಡೆಗೆ ಒರಗಿಸಿದರು.
ಒಳಮೈಯೆಲ್ಲ ಮೊಟ್ಟೆ ಟ್ರೇಯಂತೆ ಗುಳಿ ಗುಳಿ,
ಗುಳಿ ಗುಳಿಯಲ್ಲೂ ನನ್ನ ರಾಗಿ ಹಿಟ್ಟು.
ಅಷ್ಟು ಬಿಗಿಯಾಗಿ ಮುಚ್ಚುವ ಬಾಗಿಲು
ಇದನ್ನು ಹೇಗೆ ಒಳಗೆ ಬಿಟ್ಟಿತೋ.

ಹೊರಡುವಾಗ ಡಾಕ್ಟರಮ್ಮ ನನ್ನ ಹತ್ತಿರ ಬಂದು ಏನೋ ಅಂದರು.
ಟೆಂಪೋ ಸದ್ದು. ಹೂಂ ಅಂದೆ.
ಇನ್ನೊಮ್ಮೆ ಅಂದರು. ಇನ್ನೊಮ್ಮೆ ಹೂಂ.
ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ
ಚೀಟಿಯಲ್ಲಿ ಗೀಚಿ ಗಲ್ಲಾದ ಮೇಲೆ ಇಟ್ಟು ಹೋದರು.
ಹೊಸ ವಿಳಾಸ, ಬಂದವರಿಗೆ ಹೇಳಲಿ ಎಂದಿರಬೇಕು.
ಡ್ರಾಯರಿಗೆ ಹಾಕಿದೆ.

ಬಾಗಿಲಿಗೂ ಒಂದು ಕಾಗದ ಅಂಟಿಸಿದ್ದಾರೆ.
ಓದು ಬಂದವರು ಓದಿಕೊಂಡು ಹೋಗುತ್ತಾರೆ,
ಮಿಕ್ಕವರು ನನ್ನ ಪಾಲು.

ಶನಿವಾರ ಕಟ್ಟಾಯದ ಜವರಮ್ಮ.
"ಎಲ್ಲಿಗ್ ಹೋದ್ರಪ್ಪ?"
"ರಿಂಗ್ ರೋಡು!"
"ಯಾವ್ ಕಾಡು?"
ಮಿಲ್ಲು ನಿಲ್ಲಿಸಿದೆ. ಸರದಿಯಲ್ಲಿ ಡಬ್ಬ ಇಟ್ಟವರು ಗೊಣಗಿದರು.
"ರೋಡು ಅಜ್ಜಿ, ರೋಡು! ಪೆಟ್ರೋಲ್ ಬಂಕ್ ಪಕ್ಕ!"
"ಬೆಂಕಿ ಬಿತ್ತಾ? ಅಯ್ಯೋ ದೇವ್ರೆ!"
ಕೊನೆಗೆ ತಗಡಿನ ಮೇಲೆ ಹಿಡಿ ಹಿಟ್ಟು ಹರಡಿ
ಬೆರಳಲ್ಲಿ ದಾರಿ ಗೀಚಿದೆ:
ಇದು ಬಸ್ ಸ್ಟ್ಯಾಂಡು, ಇದು ಡೈರಿ ಸರ್ಕಲ್ಲು, ಇಲ್ಲಿ ಇಳಿ, ಇಲ್ಲಿ ಆಟೋ.
ಬಗ್ಗಿ ನೋಡಿದಳು. ತಲೆಯಾಡಿಸಿದಳು.
ಆಮೇಲೆ ಹಾಸನವನ್ನಷ್ಟೂ ಅಂಗೈಯಲ್ಲಿ ಬಳಿದು
ಯಾರದೋ ಡಬ್ಬಕ್ಕೆ ಸುರಿದು
"ಹಿಟ್ಟು ದಂಡ ಮಾಡಬಾರದು ಮಗ" ಅಂದಳು.

ಇವತ್ತು ಸೋಮವಾರ.
ಇನ್ನು ನಿಲ್ಲಿಸುವ ಹಂಗಿಲ್ಲ, ಕೇಳುವವರಿಲ್ಲ.
ಕೈಗೆ ಅದೆಲ್ಲ ಗೊತ್ತಾಗಲಿಲ್ಲ,
ಎರಡಕ್ಕೆ ಸರಿಯಾಗಿ ಸ್ವಿಚ್ಚಿಗೆ ಹೋಯಿತು.
ಕಲ್ಲು ತಿರುಗಿ ತಿರುಗಿ ನಿಂತಿತು.
ಬುತ್ತಿ ಬಿಚ್ಚಿದೆ.

ಗುಂಯ್.

ಮೇಲೆ ಹೋಗಿ ನೋಡಿದೆ, ಇಷ್ಟು ವರ್ಷದಲ್ಲಿ ಮೊದಲ ಸಲ.
ಬೀಗ. ಕಿಟಕಿಯಲ್ಲಿ ಇಣುಕಿದರೆ
ಬರೀ ನೆಲ, ಗೂಡಿದ್ದ ಕಡೆ ಒಂದು ಬೆಳ್ಳನೆಯ ಚೌಕ,
ಗೋಡೆಯಲ್ಲಿ ವೈರು ಕಿತ್ತ ತೂತು.

ಗುಂಯ್.

ಇಳಿದು ಬಂದು ಡ್ರಾಯರು ಎಳೆದೆ.
ಚಿಲ್ಲರೆಯ ಕೆಳಗಿತ್ತು ಚೀಟಿ.
ವಿಳಾಸವಲ್ಲ. ನನ್ನ ಹೆಸರು,
ಅದರ ಮುಂದೆ ಒಂದು ಗಂಟೆಯ ಹೊತ್ತು.