ಸೊನ್ನೆ

ಭಾನುವಾರ ರಾತ್ರಿ. ರಿಪೋಲ್ ಊರಿನ ನಮ್ಮ ಗ್ಯಾರೇಜು.
ಹಾಲಿನ ಕ್ರೇಟಿನ ಮೇಲೆ ಹತ್ತಿಸಿಟ್ಟ ಟ್ರಯಲ್ಸ್ ಬೈಕು.
ಸೀಟಿಲ್ಲ ಇದಕ್ಕೆ,
ನಿಂತೇ ಓಡಿಸಬೇಕು.

"ಏನಿಲ್ಲ ಅಪ್ಪ, ಸುಮ್ಮನೆ ಹೊಲದಂಚಿಗೆ ಹೋಗಿದ್ದೆ"
ಎಂದು ಉಂಡು ಮಲಗಿದ್ದಾಳೆ ಕೆರಾಲ್ಟ್.

ಏರ್ ಫಿಲ್ಟರಿನ ಸ್ಪಂಜು ಹಿಂಡಿದರೆ
ಹೊಲದ ಕೆಂಪಲ್ಲ, ಹೊಳೆಯ ಬೂದು ಇಳಿಯುತ್ತದೆ.
ಹಿಂಗಾಲಿನ ಬೇರಿಂಗಿನಲ್ಲಿ ಮರಳು, ಕರಕರ.
ಹೊಟ್ಟೆಯ ತಗಡಿಗೆ ಅಂಗೈಯಗಲ ಹೊಸ ತಗ್ಗು.
ಕ್ಲಚ್ಚಿನ ಹಿಡಿ ಬಾಗಿದೆ,
ಬಾಗಿದ ಕಡೆ ಸುಣ್ಣಗಲ್ಲಿನ ಬಿಳಿ ಹುಡಿ.

ಆ ಬಂಡೆ ನನಗೆ ಗೊತ್ತು.
ಫ್ರೆಸೆರ್ ಹೊಳೆಯ ಕೊರಕಲು, ಮೂರನೆಯ ಮೆಟ್ಟಿಲು.
ಇಪ್ಪತ್ತೆರಡರಲ್ಲಿ ಅಲ್ಲೇ ಕೊರಳೆಲುಬು ಮುರಿದುಕೊಂಡು
ಉರ್ಬಿಸಿಯ ಕಟ್ಟಿಗೆ ವ್ಯಾನಿನಲ್ಲಿ ಮನೆಗೆ ಬಂದು
ಅಮ್ಮನಿಗೆ ಅಂದಿದ್ದೆ: ಏನಿಲ್ಲ.

ಎಬ್ಬಿಸಿ ಕೇಳಲೆ?
ಸ್ಪ್ಯಾನರು ಕೈಯಲ್ಲೇ ಒಂದಷ್ಟು ಹೊತ್ತು ನಿಂತಿತು.

ಈ ಆಟದಲ್ಲಿ ಕಾಲೂರಿದರೆ ಒಂದು, ಬಿದ್ದರೆ ಐದು.
ಸೊನ್ನೆ ತಂದವರು ಗೆದ್ದರು.
ಇವತ್ತು ನಾನು ಕಾಲೂರುವುದಿಲ್ಲ.

ಚಕ್ರದ ಕಡ್ಡಿಗಳನ್ನು ಒಂದೊಂದೇ ತಟ್ಟಿ ಕೇಳುತ್ತೇನೆ.
ಒಂದರ ದನಿ ಮಾತ್ರ ಮಂಕು, ಕಾಲು ಸುತ್ತು ಬಿಗಿ ಮಾಡಿದೆ.
ಬೇರಿಂಗಿಗೆ ಗ್ರೀಸು, ಬೆರಳಲ್ಲೇ.
ಹೊಸ ಹಿಡಿ ಹಾಕಿ ಅದರ ಬೋಲ್ಟು ತುಸು ಸಡಿಲ ಬಿಟ್ಟೆ,
ಬಿದ್ದಾಗ ಮುರಿಯದೆ ತಿರುಗಿಕೊಳ್ಳಲಿ.
ಹಿಂದಿನ ಟೈರಿನ ಗಾಳಿ ಇಳಿಸಿದೆ,
ಒದ್ದೆ ಕಲ್ಲನ್ನು ಅವಚಿಕೊಳ್ಳುವಷ್ಟು.

ಬೆಳಿಗ್ಗೆ ಬಂದು ಹಿಡಿ ಒತ್ತಿ ನೋಡುತ್ತಾಳೆ,
ಇನ್ನೊಮ್ಮೆ ಒತ್ತುತ್ತಾಳೆ.
ನನ್ನ ಮುಖ ನೋಡುವುದಿಲ್ಲ.
"ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜಿಕೊಡಲಾ ಅಪ್ಪ?"
ದನಿ ಎಂದಿಗಿಂತ ಮೆತ್ತಗೆ.

ಉಜ್ಜು, ಅಂದೆ. ಉಪ್ಪು ಜಾಸ್ತಿ ಬೇಡ.