ಸದರಿ ಎರಡೂ ಹೆಸರು

ಹಾಸನ ಕೋರ್ಟಿನೆದುರು, ಜೆರಾಕ್ಸ್ ಅಂಗಡಿ ಪಕ್ಕ
ನನ್ನದೊಂದು ಟೈಪ್ ಮೆಷಿನ್ನು, ಒಂದು ಕೊಡೆ.
ದುದ್ದದ ಕಡೆಯಾಕೆ, ಸೈನಿಕ ಕಲ್ಯಾಣದ ಚೀಟಿ ಹಿಡಿದು ಬಂದರು.
ಹವಾಲ್ದಾರರು ಹೋಗಿ ಏಳು ತಿಂಗಳು.
ಹೆಸರಲ್ಲಿ ವ್ಯತ್ಯಾಸ, ಪಿಂಚಣಿ ತಡೆದಿದೆ.

ಆಧಾರಿನಲ್ಲಿ ಸಣ್ಣೀರಮ್ಮ.
ಪಲ್ಟನ್ನಿನ ದಾಖಲೆಯಲ್ಲಿ ಚಿನ್ನಿ ದೇವಿ.

'ಇದ್ಯಾರಮ್ಮ ದೇವಿ?'
ನಕ್ಕರು, ಸೆರಗು ಬಾಯಿಗೆ ಅಡ್ಡ.
ಮದುವೆಯಾದ ಹೊಸದು. ಜಬಲ್ಪುರದ ಗುಮಾಸ್ತ
ಹೆಂಡ್ತಿ ಹೆಸರೇನೆಂದು ಗದರಿಸಿ ಕೇಳಿದನಂತೆ,
ಗಾಬರಿಯಲ್ಲಿ ಇವರ ಬಾಯಿಗೆ ಬಂದದ್ದು
ಒಳಮನೆಯ ಹೆಸರು.
ದೇವಿ ಅವನೇ ಸೇರಿಸಿದ್ದು, ಅವರ ಕಡೆಯ ವಾಡಿಕೆ.

'ಯಾರ ಕಿವಿಗೂ ಬೀಳದ ಹೆಸರು ಸ್ವಾಮಿ.
ಈಗ ಕೌಂಟರಿನಿಂದ ಕೂಗ್ತಾರೆ, ಎಲ್ಲರೆದುರು.'

ಇಂಥವು ಎಷ್ಟೋ ಕುಟ್ಟಿದ್ದೇನೆ, ಒಕ್ಕಣೆ ಬಾಯಿಪಾಠ:
ಸದರಿ ಎರಡೂ ಹೆಸರಿನ ವ್ಯಕ್ತಿ
ನಾನೊಬ್ಬಳೇ ಎಂದು ಪ್ರಮಾಣೀಕರಿಸುತ್ತೇನೆ.
ಓದಿ ಹೇಳಿದೆ.
'ನಾನೊಬ್ಬಳೇ' ಅಂದರು ಆಕೆ, ನನಗಲ್ಲ.

ಛಾಪಾ ಕಾಗದ ಸೇರಿ ನೂರಿಪ್ಪತ್ತು.
ನೋಟರಿ ಊಟಕ್ಕೆ ಹೋಗಿದ್ದರು, ಕಾದೆವು.
'ತಿದ್ದಿದ ಮೇಲೆ ಆ ಹೆಸರು ಅಳಿಸಿಬಿಡ್ತಾರಾ?'
'ಇಲ್ಲಮ್ಮ, ಉರುಫ್ ಅಂತ ಪಕ್ಕದಲ್ಲೇ ಇಡ್ತಾರೆ.'

ಅಂದುಬಿಟ್ಟೆ.
ನನಗೇನು ಗೊತ್ತು.